ಚ್ಯುತಾಕ್ಷರ ಪ್ರಶ್ನೋತ್ತರ ಕ್ರೀಡೆ ಮತ್ತು ಗ್ರಂಥಪರಿಷ್ಕರಣ

ನಮ್ಮ ಗ್ರಂಥಭಂಡಾರಗಳ ಓಲೆಗರಿಗಳನ್ನು ಬಿಚ್ಚಿ ಓದುವವರಿಗೆ ಆಗಾಗ ಒಂದು ಬಗೆಯ ಪದ್ಯಗಳು ಎದುರಾಗುತ್ತವೆ. ಅವುಗಳಲ್ಲಿ ಒಂದಕ್ಷರ ಕಡಿಮೆಯಿರುತ್ತದೆ, ಇಲ್ಲವೆ ಒಂದು ಸೊನ್ನೆ ಅಧಿಕವಾಗಿರುತ್ತದೆ, ಇಲ್ಲವೆ ಕ್ರಿಯಾಪದವೇ ಕಾಣುವುದಿಲ್ಲ. ಲಿಪಿಕಾರನ ಅನವಧಾನವೆಂದು ಬಗೆದು ನಾವು ಅವುಗಳನ್ನು ತಿದ್ದಿ ಮುಂದೆ ಸಾಗುತ್ತೇವೆ. ಇಂತಹ ಪದ್ಯಗಳಲ್ಲಿ ಕೆಲವು ದೋಷಯುಕ್ತ ಪಾಠಗಳಲ್ಲ. ಇಬ್ಬರು ಎದುರುಬದುರು ಕುಳಿತು ಬಾಯಿಮಾತಿನಲ್ಲೇ ಆಡುತ್ತಿದ್ದ ಒಂದು ಕ್ರೀಡೆಯ ಬರೆಹರೂಪಗಳು. ಆ ಕ್ರೀಡೆಯ ಸ್ವರೂಪವೇನು, ಅದನ್ನು ಆಡುವ ಕ್ರಮವೇನು, ಅದರ ಅರಿವು ಹಸ್ತಪ್ರತಿ ಪರಿಷ್ಕರಣಕ್ಕೆ ಏಕೆ ಅವಶ್ಯ ಎಂಬ ಮೂರು ಅಂಶಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪ್ರಾಚೀನತೆ

ಪಗಡೆಗೆ ಹಾಸು ಬೇಕು, ಚದುರಂಗಕ್ಕೆ ಮಣೆ ಬೇಕು, ದ್ಯೂತಕ್ಕೆ ಅಕ್ಷಗಳೂ ಪಣವೂ ಬೇಕು. ಈ ವಾಕ್ಕ್ರೀಡೆಗೆ ಯಾವ ಸಾಮಗ್ರಿಯೂ ಬೇಡ. ಇಬ್ಬರು ಮನುಷ್ಯರು, ಅವರಿಬ್ಬರಿಗೂ ತಿಳಿದ ಒಂದು ಭಾಷೆ, ಸ್ವಲ್ಪ ಬಿಡುವು ಇವಿಷ್ಟಿದ್ದರೆ ಸಾಕು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಹೇಳಿರುವ 64 ಕಲೆಗಳ ಪಟ್ಟಿಯಲ್ಲಿ ಪ್ರಹೇಲಿಕಾ, ಪ್ರತಿಮಾಲಾ, ದುರ್ವಾಚಕಯೋಗ ಎಂಬ ಮೂರು ಒಂದರ ಹಿಂದೊಂದು ಬರುತ್ತವೆ. ಅವುಗಳ ಬೆನ್ನಿಗೇ ಪುಸ್ತಕವಾಚನವು ಬರುತ್ತದೆ. ಒಗಟು, ಅಂತ್ಯಾಕ್ಷರಿ, ಉಚ್ಚರಿಸಲು ಕಷ್ಟವಾದ ಪದ್ಯಗಳ ಪಠನ, ಅನಂತರ ಪುಸ್ತಕವನ್ನು ಓದುವುದು ಎಂಬ ಈ ಅನುಕ್ರಮವನ್ನು ಹಸ್ತಪ್ರತಿಗಳೊಡನೆ ವ್ಯವಹರಿಸುವವರು ವಿಶೇಷವಾಗಿ ಗಮನಿಸಬೇಕು. ಪದಗಳ ನಡುವೆ ತೆರಪಿಲ್ಲದೆ ಬರೆದ ಓಲೆಯನ್ನು ತಡವರಿಸದೆ ಓದುವುದೂ ಆ ಕಾಲದಲ್ಲಿ ಒಂದು ಕಲೆಯೇ ಆಗಿದ್ದಿತು.

ಶ್ವೇತಾಂಬರ ಆಗಮಗಳಾದ ಸಮವಾಯಾಂಗ, ಜ್ಞಾತಾಧರ್ಮಕಥಾ ಮೊದಲಾದವುಗಳಲ್ಲಿ ಬರುವ 72 ಕಲೆಗಳ ಪಟ್ಟಿಯಲ್ಲಿಯೂ ಪಹೇಲಿಯಾ ಎಂಬುದು ಆರ್ಯಾ, ಮಾಗಧಿಕಾ, ಗಾಹಾ ಮುಂತಾದ ಪದ್ಯಜಾತಿಗಳ ನಡುವೆ ಸ್ಥಾನ ಪಡೆದಿದೆ. ಏಳನೆಯ ಶತಮಾನದ ಬಾಣಭಟ್ಟನು ಕಾದಂಬರಿಯಲ್ಲಿ ಶೂದ್ರಕ ರಾಜನ ವಿನೋದಗಳನ್ನು ಹೇಳುವಾಗ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತೀ, ಗೂಢಚತುರ್ಥಪಾದ, ಪ್ರಹೇಲಿಕಾ ಇವುಗಳನ್ನು ಹೆಸರಿಸಿದ್ದಾನೆ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ವಿವರಿಸಿ, ಅವು ಕ್ರೀಡಾಗೋಷ್ಠಿಯ ವಿನೋದಕ್ಕೂ ಜನಸಂದಣಿಯ ನಡುವೆ ಗೂಢವಾಗಿ ಮಾತನಾಡುವುದಕ್ಕೂ ಉಪಯುಕ್ತವೆಂದಿದ್ದಾನೆ. ರುದ್ರಟನು ಇವುಗಳನ್ನು ಕೇವಲ ಕ್ರೀಡೆಗೆ ಮಾತ್ರ ಉಪಯುಕ್ತವಾದವೆಂದು ಕಾವ್ಯದಿಂದ ಸ್ವಲ್ಪ ದೂರವಿರಿಸಿದ್ದಾನೆ. ಆಲಂಕಾರಿಕರು ದೂರವಿರಿಸಿದ್ದನ್ನು ನಮ್ಮ ಆಚಾರ್ಯರು ಪುರಾಣದ ಮಧ್ಯದಲ್ಲಿಯೇ ಇರಿಸಿದರೆಂಬುದು ಮುಂದಿನ ವಿಷಯ.

೨. ಜಿನಸೇನಾಚಾರ್ಯರ ಗೋಷ್ಠಿ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದ 12ನೆಯ ಪರ್ವದಲ್ಲಿ ಈ ಕ್ರೀಡೆಗೆ ವಿಸ್ತಾರವಾದ ಅವಕಾಶ ಕೊಟ್ಟಿದ್ದಾರೆ. ಆದಿತೀರ್ಥಂಕರನನ್ನು ಗರ್ಭದಲ್ಲಿ ಧರಿಸಿದ ಮರುದೇವಿಯ ಸೇವೆಗೆ ಬಂದ ದೇವಿಯರು, ಪ್ರಸವಕಾಲ ಸಮೀಪಿಸುತ್ತಿದ್ದಂತೆ ಆಕೆಯ ಮನಸ್ಸನ್ನು ಕಾವ್ಯಗೋಷ್ಠಿಯಿಂದ ರಂಜಿಸುತ್ತಾರೆ. ಒಬ್ಬೊಬ್ಬ ದೇವಿಯೂ ಒಂದೊಂದು ಪ್ರಶ್ನೆಯನ್ನು ಪದ್ಯರೂಪದಲ್ಲಿ ಇಡುತ್ತಾಳೆ. ತಾಯಿಯು ತಡೆಯಿಲ್ಲದೆ ಉತ್ತರಿಸುತ್ತಾಳೆ. ಪ್ರಹೇಲಿಕೆ, ಕ್ರಿಯಾಗೋಪಿತ, ಬಿಂದುಚ್ಯುತಕ, ಮಾತ್ರಾಚ್ಯುತಕ, ವ್ಯಂಜನಚ್ಯುತಕ, ಅಕ್ಷರಚ್ಯುತಕ, ಅಂತರ್ಲಾಪಿಕೆ, ಬಹಿರ್ಲಾಪಿಕೆ ಮುಂತಾಗಿ ಅನೇಕ ಭೇದಗಳು ಅಲ್ಲಿ ಬಂದಿವೆ. ಆಕೆಯ ಪ್ರತಿಭೆಗೆ ಕಾರಣವನ್ನೂ ಆಚಾರ್ಯರು ಸೂಚಿಸಿದ್ದಾರೆ: ಸ್ವಭಾವದಿಂದಲೇ ಬುದ್ಧಿಶಾಲಿನಿಯಾದ ಆಕೆ ಪ್ರಜ್ಞಾಮಯವಾದ ಜ್ಯೋತಿಯನ್ನೇ ಒಡಲಿನಲ್ಲಿ ಹೊತ್ತಿದ್ದಳು.

ಇಲ್ಲಿಯ ಒಂದು ಅಕ್ಷರಚ್ಯುತಕ ಪ್ರಶ್ನೋತ್ತರವನ್ನು ಮಾತ್ರ ವಿವರಿಸುತ್ತೇನೆ. ಪ್ರಶ್ನೆಯ ಶ್ಲೋಕದಲ್ಲಿ ಪ್ರತಿಯೊಂದು ಪಾದದಲ್ಲಿಯೂ ಎಂಟರ ಬದಲು ಏಳೇ ಅಕ್ಷರಗಳಿವೆ. ನಾಲ್ಕು ಪಾದಗಳೂ ‘ಕಃ’ ಎಂಬ ಪ್ರಶ್ನಪದದಿಂದಲೇ ಆರಂಭವಾಗುತ್ತವೆ. ಉತ್ತರ ಹೇಳುವವಳು ಮಾಡಬೇಕಾದುದು ಇಷ್ಟೇ: ಆ ‘ಕಃ’ ಎಂಬುದರ ಹಿಂದೆ ಒಂದೊಂದು ಅಕ್ಷರವನ್ನು ಸೇರಿಸುವುದು. ಆಗ ಅದು ಕ್ರಮವಾಗಿ ಶುಕವಾಗುತ್ತದೆ, ಕಾಕವಾಗುತ್ತದೆ, ಲೋಕವಾಗುತ್ತದೆ, ಕೊನೆಗೆ ಶ್ಲೋಕವಾಗುತ್ತದೆ. ಅಕ್ಷರವೊಂದು ಕೂಡಿದೊಡನೆ ಛಂದಸ್ಸೂ ಪೂರ್ಣವಾಗುತ್ತದೆ, ಪ್ರಶ್ನೆಯೇ ಉತ್ತರವಾಗಿ ಪರಿಣಮಿಸುತ್ತದೆ. ಪ್ರಶ್ನೆಗೂ ಉತ್ತರಕ್ಕೂ ನಡುವಣ ಅಂತರ ನಾಲ್ಕೇ ಅಕ್ಷರಗಳು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಈ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ಅಜಿತಸೇನರ ಅಲಂಕಾರಚಿಂತಾಮಣಿಯಲ್ಲಿ ಚಿತ್ರಾಲಂಕಾರಕ್ಕಾಗಿಯೇ ಎರಡನೆಯ ಪರಿಚ್ಛೇದವು ಮೀಸಲಾಗಿದ್ದು, ಪ್ರಶ್ನೋತ್ತರಗಳ ಭೇದಗಳು ಅಲ್ಲಿ ಲಕ್ಷಣಸಹಿತವಾಗಿ ನಿರೂಪಿತವಾಗಿವೆ. ಧರ್ಮದಾಸನ ವಿದಗ್ಧಮುಖಮಂಡನವು ಬೌದ್ಧ ಕೃತಿಯಾದರೂ ಅದಕ್ಕೆ ಜೈನ ವಿದ್ವಾಂಸರೂ ಟೀಕೆ ಬರೆದಿದ್ದಾರೆ.

೩. ಕುವಲಯಮಾಲೆಯ ದಂಪತಿಗಳು

ಇಬ್ಬರೇ ಆಡುವ ಆಟಕ್ಕೆ ಅತ್ಯುತ್ತಮ ನಿದರ್ಶನ ಉದ್ಯೋತನಸೂರಿಯ ಪ್ರಾಕೃತ ಕುವಲಯಮಾಲೆಯಲ್ಲಿದೆ. ಕ್ರಿ.ಶ. 779ರಲ್ಲಿ, ಶಕವರ್ಷ 700 ತುಂಬಲು ಒಂದು ದಿನ ಉಳಿದಿರುವಾಗ, ಜಾಬಾಲಿಪುರದಲ್ಲಿ ಅಂದರೆ ಇಂದಿನ ರಾಜಸ್ಥಾನದ ಜಾಲೋರಿನಲ್ಲಿ ಪೂರ್ಣಗೊಂಡ ಈ ಕಥೆಯಲ್ಲಿ, ದಕ್ಷಿಣದ ವಿಜಯಪುರಿಯಲ್ಲಿ ವಿವಾಹವಾದ ಕುವಲಯಚಂದ್ರ ಮತ್ತು ಕುವಲಯಮಾಲೆಯರು ವಿನೋದಕ್ಕಾಗಿ ಪ್ರಹೇಲಿಕೆ, ಅಂತ್ಯಾಕ್ಷರ, ಬಿಂದುಮತೀ, ಪ್ರಶ್ನೋತ್ತರ, ಅಕ್ಷರಚ್ಯುತಕ, ಮಾತ್ರಾಚ್ಯುತಕ, ಗೂಢಚತುರ್ಥಪಾದ ಮೊದಲಾದವುಗಳ ಹೆಸರೆತ್ತಿ ಆಡುತ್ತಾರೆ. ಅದೇ ವಿಜಯಪುರಿಯ ಪೇಟೆಯ ವರ್ಣನೆಯಲ್ಲಿ ನಾನಾ ದೇಶದ ವರ್ತಕರ ಮಾತಿನ ಮಾದರಿಗಳನ್ನು ಕವಿ ಕೊಟ್ಟಿದ್ದು, ಅವರಲ್ಲಿ ಕರ್ಣಾಟಕದವರೂ ಇದ್ದಾರೆ. ಭಾಷೆಗಳ ಧ್ವನಿಭೇದವನ್ನು ಅಷ್ಟು ಕುತೂಹಲದಿಂದ ಕೇಳಿಸಿಕೊಂಡ ಕವಿಯೇ ಅಕ್ಷರಕ್ರೀಡೆಯನ್ನೂ ಅಷ್ಟು ವಿವರವಾಗಿ ದಾಖಲಿಸಿದ್ದು ಆಕಸ್ಮಿಕವಲ್ಲ.

ಈ ಗ್ರಂಥವನ್ನು ಸಂಪಾದಿಸಿದವರು ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು. ಸಿಂಘೀ ಜೈನ ಗ್ರಂಥಮಾಲೆಯಲ್ಲಿ 1959ರಲ್ಲಿ ಮೂಲವೂ 1970ರಲ್ಲಿ ಎರಡನೆಯ ಭಾಗವೂ ಪ್ರಕಟವಾದುವು. ಅವರಿಗೆ ಆಧಾರವಾಗಿದ್ದುವು ಎರಡೇ ಪ್ರತಿಗಳು: ಜೈಸಲ್ಮೇರಿನ ತಾಡಪತ್ರ ಪ್ರತಿಯೊಂದು, ಪುಣೆಯ ಕಾಗದದ ಪ್ರತಿಯೊಂದು. ಅಕ್ಷರಗಳು ಬೀಳುವುದೇ ಆಟವಾಗಿರುವ ಭಾಗದಲ್ಲಿ, ಎರಡೇ ಪ್ರತಿಗಳನ್ನಿಟ್ಟುಕೊಂಡು, ಯಾವುದು ಕವಿ ಬೀಳಿಸಿದ ಅಕ್ಷರ, ಯಾವುದು ಲಿಪಿಕಾರ ಬೀಳಿಸಿದ ಅಕ್ಷರ ಎಂದು ನಿರ್ಣಯಿಸುವುದು ಎಷ್ಟು ಕಠಿನವೆಂಬುದನ್ನು ಅನುಭವಿಗಳು ಊಹಿಸಬಲ್ಲರು.

೪. ಆಡುವ ಕ್ರಮ

ಲಕ್ಷಣಗ್ರಂಥಗಳ ಭೇದಗಳನ್ನು ಕನ್ನಡದ ಸಣ್ಣ ಉದಾಹರಣೆಗಳಿಂದ ಸ್ಪಷ್ಟಪಡಿಸಬಹುದು. ಕೆಳಗಿನವು ಈ ಲೇಖಕನೇ ಪಾಠದ ಅನುಕೂಲಕ್ಕಾಗಿ ಕಲ್ಪಿಸಿಕೊಂಡವು.

ಬಿಂದುಚ್ಯುತಕ: ಸೊನ್ನೆಯನ್ನು ಕಳೆಯುವುದು. ‘ವಂಶ’ದ ಬಿಂದು ಹೋದರೆ ‘ವಶ’ ಉಳಿಯುತ್ತದೆ. ‘ಕಂದ’ನ ಸೊನ್ನೆ ಹೋದರೆ ‘ಕದ’ ಉಳಿಯುತ್ತದೆ.

ಮಾತ್ರಾಚ್ಯುತಕ: ಒಂದು ಮಾತ್ರೆಯನ್ನು ಕಳೆಯುವುದು. ‘ತಾಪ’ವು ‘ತಪ’ವಾಗುತ್ತದೆ, ‘ಮಾನ’ವು ‘ಮನ’ವಾಗುತ್ತದೆ.

ವ್ಯಂಜನಚ್ಯುತಕ: ಸ್ವರವನ್ನು ಉಳಿಸಿ ವ್ಯಂಜನವನ್ನು ಮಾತ್ರ ಕಳೆಯುವುದು. ‘ಕಾನನ’ದ ಮೊದಲ ಕಕಾರ ಹೋದರೆ ‘ಆನನ’ ಉಳಿಯುತ್ತದೆ, ಕಾಡು ಮುಖವಾಗುತ್ತದೆ.

ಅಕ್ಷರಚ್ಯುತಕ: ಇಡೀ ಅಕ್ಷರವನ್ನು ಕಳೆಯುವುದು. ‘ನಗರ’ದ ಆದಿಯನ್ನು ಕಳೆದರೆ ‘ಗರ’ ಅಂದರೆ ವಿಷ, ಮಧ್ಯವನ್ನು ಕಳೆದರೆ ‘ನರ’, ಅಂತ್ಯವನ್ನು ಕಳೆದರೆ ‘ನಗ’ ಅಂದರೆ ಪರ್ವತ.

ಬಹಿರ್ಲಾಪಿಕೆ: ಉತ್ತರವು ಪ್ರಶ್ನೆಯ ಹೊರಗಿರುವುದು. ಬೆಟ್ಟವನ್ನೂ ವಿಷವನ್ನೂ ಒಡಲಲ್ಲಿಟ್ಟುಕೊಂಡು ಜನರಿಗೆ ಆಶ್ರಯ ಕೊಡುವುದು ಯಾವುದೆಂದು ಕೇಳಿದರೆ ‘ನಗರ’ವೆಂದು ಉತ್ತರಿಸುವವನು ಆ ಪದವನ್ನು ಹೊರಗಿನಿಂದ ತರಬೇಕು.

ಅಂತರ್ಲಾಪಿಕೆ: ಉತ್ತರವು ಪ್ರಶ್ನೆಯ ಪದಗಳಲ್ಲಿಯೇ ಅಡಗಿರುವುದು. ‘ಮಾನವನು ಏನನ್ನು ತ್ಯಜಿಸಿದರೆ ನವನಾಗುತ್ತಾನೆ?’ ಎಂಬ ಪ್ರಶ್ನೆಗೆ ಉತ್ತರ ‘ಮಾ’. ಮಾ ಎಂದರೆ ಲಕ್ಷ್ಮಿ, ಸಂಪತ್ತು. ಮಾನವನಲ್ಲಿ ‘ಮಾ’ ಹೋದರೆ ಉಳಿಯುವವನು ‘ನವನು’. ಅಪರಿಗ್ರಹವ್ರತದ ಪಾಠವೂ ಇದರಲ್ಲಿ ತಾನಾಗಿ ಸೇರಿಕೊಂಡಿತು.

ಇನ್ನು ಆಟದ ನಡೆ. ಮೊದಲನೆಯವನು ಒಂದು ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತಾನೆ. ಎರಡನೆಯವನು ಉತ್ತರಿಸಿ, ಒಡನೆಯೇ ತಾನೊಂದು ಪ್ರಶ್ನೆಯನ್ನು ಒಡ್ಡಬೇಕು. ನಾನು ವಿದ್ಯಾರ್ಥಿಗಳೊಡನೆ ಆಡುವಾಗ ಇದಕ್ಕೆ ಪ್ರತಿಮಾಲೆಯ ನಿಯಮವನ್ನೂ ಸೇರಿಸಿಕೊಳ್ಳುವ ರೂಢಿಯುಂಟು: ಉತ್ತರಪದದ ಕೊನೆಯ ಅಕ್ಷರದಿಂದಲೇ ಮುಂದಿನ ಗೂಢಪದವು ಆರಂಭವಾಗಬೇಕು. ಹೀಗಾದರೆ ಮೊದಲೇ ಸಿದ್ಧಪಡಿಸಿಕೊಂಡು ಬಂದ ಒಗಟುಗಳು ಉಪಯೋಗಕ್ಕೆ ಬರುವುದಿಲ್ಲ. ಆ ಕ್ಷಣದಲ್ಲಿಯೇ ಹೊಸದನ್ನು ಹೆಣೆಯಬೇಕಾಗುತ್ತದೆ. ಇಂತಹ ಒಂದು ಸರಣಿಯನ್ನು ಕೊಡುತ್ತೇನೆ.

ಮೊದಲನೆಯವನು: ನಡುವಿನ ಅಕ್ಷರ ಬಿದ್ದರೆ ಮನುಷ್ಯನಾಗುವ, ಕಡೆಯ ಅಕ್ಷರ ಬಿದ್ದರೆ ಬೆಟ್ಟವಾಗುವ ವಾಸಸ್ಥಾನ ಯಾವುದು? ಎರಡನೆಯವನು: ನಗರ.

ಎರಡನೆಯವನು: ನಡುವಿನದು ಬಿದ್ದರೆ ಆಸಕ್ತನಾಗುವ, ಕಡೆಯದು ಬಿದ್ದರೆ ಧೂಳಾಗುವ ಲೋಹ ಯಾವುದು? ಮೊದಲನೆಯವನು: ರಜತ.

ಮೊದಲನೆಯವನು: ಒಂದು ಮಾತ್ರೆ ಕಳೆದರೆ ಕರ್ಮವನ್ನು ಸುಡುವ ಬೇಗೆ ಯಾವುದು? ಎರಡನೆಯವನು: ತಾಪ.

ಎರಡನೆಯವನು: ತಲೆ ಹೋದರೆ ಕಾಡಾಗಿ ನಿಲ್ಲುವ ಸಂಚಾರಿ ಯಾರು? ಮೊದಲನೆಯವನು: ಪವನ.

ಮೊದಲನೆಯವನು: ಇಡಿಯಾಗಿದ್ದರೆ ಎದುರಿನದನ್ನೆಲ್ಲ ಕಾಣುವುದು, ಕಡೆಯ ಅಕ್ಷರ ಬಿದ್ದರೆ ವಸ್ತುವಿನ ಒಂದೇ ಅಂಶವನ್ನು ಹಿಡಿಯುವುದು ಯಾವುದು? ಎರಡನೆಯವನು: ನಯನ. ಅದರ ಅಂತ್ಯ ಹೋದರೆ ‘ನಯ’.

ಉತ್ತರಿಸಲಾರದವನು ಸೋತನು. ಆದರೆ ಕೇಳಿದವನೂ ತನ್ನ ಉತ್ತರವನ್ನು ನಿಘಂಟುಸಮ್ಮತವಾಗಿ ಸಮರ್ಥಿಸಬೇಕು. ಇಲ್ಲವಾದರೆ ಸೋಲು ಅವನದೇ. ಕೆಲವು ರಿಯಾಯಿತಿಗಳೂ ಇವೆ. ಜೈನ ಆಲಂಕಾರಿಕನಾದ ವಾಗ್ಭಟನು ಯಮಕ, ಶ್ಲೇಷ, ಚಿತ್ರಗಳಲ್ಲಿ ಬಕಾರ ವಕಾರಗಳಿಗೂ ಡಕಾರ ಲಕಾರಗಳಿಗೂ ಭೇದವೆಣಿಸಬೇಕಾಗಿಲ್ಲವೆಂದೂ, ಅನುಸ್ವಾರ ವಿಸರ್ಗಗಳಿಂದ ಚಿತ್ರಕ್ಕೆ ಭಂಗವಿಲ್ಲವೆಂದೂ ವಾಗ್ಭಟಾಲಂಕಾರದಲ್ಲಿ ವಿಧಿಸಿದ್ದಾನೆ. ಆದರೆ ಬಿಂದುವೇ ಆಟದ ಜೀವವಾಗಿರುವ ಬಿಂದುಚ್ಯುತಕದಲ್ಲಿ ಅದನ್ನು ಉಪೇಕ್ಷಿಸುವಂತಿಲ್ಲವೆಂಬುದು ಸ್ವಯಂಸ್ಪಷ್ಟ.

೫. ಒಂದು ಶಂಕೆ, ಅದರ ಪರಿಹಾರ

ಶ್ರಾವಕನಿಗೆ ಇಂತಹ ವಿನೋದ ಯುಕ್ತವೇ ಎಂಬ ಶಂಕೆ ಏಳಬಹುದು. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅನರ್ಥದಂಡವಿರತಿಯ ಅತಿಚಾರಗಳಾಗಿ ಕಂದರ್ಪ, ಕೌತ್ಕುಚ್ಯ, ಮೌಖರ್ಯ ಮೊದಲಾದವುಗಳನ್ನು ಹೇಳಿದೆ. ಮೌಖರ್ಯವೆಂದರೆ ಅರ್ಥವಿಲ್ಲದ ಅತಿಭಾಷಣ. ಮಾತಿನ ಆಟವು ಅದರಲ್ಲಿ ಸೇರುವುದಿಲ್ಲವೇ?

ಸೇರಬಹುದು, ಆಡುವವರು ಎಚ್ಚರ ತಪ್ಪಿದರೆ ಖಂಡಿತವಾಗಿ ಸೇರುತ್ತದೆ. ಪಣವಿಟ್ಟರೆ ಅದು ದ್ಯೂತ, ಎದುರಾಳಿಯನ್ನು ನೋಯಿಸಿದರೆ ಅದು ಕಟುವಚನ, ಕಾಮೋದ್ದೀಪಕವಾದರೆ ಅದು ಕಂದರ್ಪ. ಈ ಮೂರನ್ನೂ ಪರಿಹರಿಸಿ, ಪ್ರತಿ ಅಕ್ಷರವನ್ನೂ ತೂಗಿ ಆಡುವ ಮಾತು ಮೌಖರ್ಯವಾಗದು. ಅದಕ್ಕೆ ವಿರುದ್ಧವಾದುದೇ ಆಗುತ್ತದೆ. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಅರ್ಥವು ಎಲ್ಲಿಗೆ ಹೋಗುತ್ತದೆಂಬುದನ್ನು ಬಲ್ಲವನು ಬಾಯಿಗೆ ಬಂದಂತೆ ಆಡಲಾರನು. ತೀರ್ಥಂಕರನ ಮಾತೆಯ ಸನ್ನಿಧಿಯಲ್ಲಿ ಆಚಾರ್ಯರು ಈ ಗೋಷ್ಠಿಯನ್ನು ಏರ್ಪಡಿಸಿರುವುದರಿಂದಲೂ ಇದರ ನಿರ್ದೋಷತ್ವವನ್ನು ಅನುಮಾನಿಸಬಹುದು.

೬. ಹಸ್ತಪ್ರತಿಗಳಲ್ಲಿ ಈ ಕ್ರೀಡೆಗೆ ಒದಗುವ ಅಪಾಯಗಳು

ಬಾಯಿಯ ಆಟವು ಓಲೆಗೆ ಇಳಿದಾಗ ನಾಲ್ಕು ಬಗೆಯ ಅಪಾಯಗಳು ಸಂಭವಿಸುತ್ತವೆ.

ಮೊದಲನೆಯದು, ಪೂರಣ. ಛಂದಸ್ಸು ಬಲ್ಲ ಲಿಪಿಕಾರನು ಏಳಕ್ಷರದ ಪಾದವನ್ನು ಕಂಡೊಡನೆ ಎಂಟನೆಯದನ್ನು ತುಂಬುತ್ತಾನೆ. ಅವನಿಗೆ ಅದು ಉಪಕಾರವೆಂದೇ ಭಾವನೆ. ಆದರೆ ಅಲ್ಲಿ ಪ್ರಶ್ನೆ ಅಳಿದು ಉತ್ತರ ಮಾತ್ರ ಉಳಿಯುತ್ತದೆ. ಅಜ್ಞ ಲಿಪಿಕಾರನಿಗಿಂತ ಅಲ್ಪಜ್ಞ ಪಂಡಿತನಿಂದಲೇ ಈ ಹಾನಿ ಹೆಚ್ಚು.

ಎರಡನೆಯದು, ಸೊನ್ನೆಯ ಅನಿಶ್ಚಯತೆ. ನಾಗರಿಯಲ್ಲಿ ಬಿಂದುವು ಅಕ್ಷರದ ನೆತ್ತಿಯ ಮೇಲಿರುವುದರಿಂದ ಸುಲಭವಾಗಿ ಅಳಿಸಿಹೋಗುತ್ತದೆ. ಕನ್ನಡದಲ್ಲಿ ಅದು ಅಕ್ಷರದ ಪಕ್ಕದಲ್ಲಿ ಸ್ವತಂತ್ರವಾಗಿ ನಿಲ್ಲುತ್ತದೆಯಾದರೂ ಬೇರೊಂದು ತೊಡಕುಂಟು. ನಮ್ಮ ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ‘ಅಣ್ಣ’ ಎಂಬುದನ್ನು ‘ಅಂಣ’ ಎಂದೂ ‘ಎಮ್ಮ’ ಎಂಬುದನ್ನು ‘ಎಂಮ’ ಎಂದೂ ಬರೆಯುವ ವಾಡಿಕೆಯಿದೆ. ಹೀಗೆ ಸೊನ್ನೆಯು ಅನುಸ್ವಾರವಾಗಿಯೂ ದ್ವಿತ್ವದ ಗುರುತಾಗಿಯೂ ದುಡಿಯುವ ಪ್ರತಿಯಲ್ಲಿ ಬಿಂದುಚ್ಯುತಕವನ್ನು ಗುರುತಿಸಲು ಕಣ್ಣೊಂದೇ ಸಾಲದು, ಕಿವಿಯೂ ಬೇಕು.

ಮೂರನೆಯದು, ಟಿಪ್ಪಣದ ಪ್ರವೇಶ. ಉತ್ತರವನ್ನು ಓದುಗನ ಅನುಕೂಲಕ್ಕಾಗಿ ಸಾಲುಗಳ ನಡುವೆಯೋ ಅಂಚಿನಲ್ಲಿಯೋ ಬರೆದಿಡುವುದುಂಟು. ಮುಂದಿನ ಪ್ರತಿಕಾರನು ಅದನ್ನು ಬಿಟ್ಟುಹೋದ ಮೂಲಪಾಠವೆಂದು ತಿಳಿದು ಪದ್ಯದೊಳಕ್ಕೆ ಸೇರಿಸಿಬಿಡಬಹುದು. ಆಗ ಪದ್ಯವೂ ಕೆಡುತ್ತದೆ, ಒಗಟೂ ಒಡೆದುಹೋಗುತ್ತದೆ.

ನಾಲ್ಕನೆಯದು, ಪದಚ್ಛೇದ. ಇದು ಲಿಪಿಕಾರನ ದೋಷವಲ್ಲ, ಮುದ್ರಣಯುಗದ ಸಂಪಾದಕರಾದ ನಮ್ಮದು. ಓಲೆಯಲ್ಲಿ ಪದಗಳು ಎಡೆಬಿಡದೆ ಸಾಗುವುದರಿಂದ ಅಂತರ್ಲಾಪಿಕೆಯ ಎರಡು ಬಗೆಯ ಓದಿಗೂ ಅಲ್ಲಿ ಸಮಾನ ಅವಕಾಶವಿರುತ್ತದೆ. ನಾವು ಪದಗಳನ್ನು ಬಿಡಿಸಿ ಅಚ್ಚು ಮಾಡಿದೊಡನೆ ಒಂದು ಓದು ಸ್ಥಿರವಾಗಿ ಇನ್ನೊಂದು ಲುಪ್ತವಾಗುತ್ತದೆ. ಇಂತಹ ಪದ್ಯಗಳನ್ನು ಅವಿಚ್ಛಿನ್ನವಾಗಿ ಮುದ್ರಿಸಿ, ಎರಡೂ ಪದವಿಭಾಗಗಳನ್ನು ಕೆಳಗೆ ಕೊಡುವುದೇ ಯುಕ್ತವಾದ ಮಾರ್ಗ.

೭. ಸ್ವಾನುಭವ

ಈ ಎಚ್ಚರವನ್ನು ಪರರಿಗೆ ಹೇಳುವ ಅಧಿಕಾರ ನನಗೆ ಬಂದುದು ನನ್ನದೇ ಒಂದು ಪ್ರಮಾದದಿಂದ. ತಾರುಣ್ಯದಲ್ಲಿ ಒಂದು ಭಂಡಾರದ ಕಟ್ಟೊಂದರಿಂದ ಕನ್ನಡ ಲಿಪಿಯಲ್ಲಿದ್ದ ಬಿಡಿ ಸಂಸ್ಕೃತ ಶ್ಲೋಕಗಳನ್ನು ಪ್ರತಿಮಾಡುತ್ತಿದ್ದೆ. ಒಂದು ಶ್ಲೋಕದಲ್ಲಿ ಎರಡು ಪಾದಗಳಿಗೆ ಒಂದೊಂದು ಅಕ್ಷರ ಸಾಲದೆ ಬಂದಿತು. ಅರ್ಥವನ್ನೂ ಛಂದಸ್ಸನ್ನೂ ನೋಡಿ ಅಕ್ಷರಗಳನ್ನು ತುಂಬಿದೆ; ಕಂಸದ ಗುರುತನ್ನೂ ಹಾಕಲಿಲ್ಲ. ಶ್ಲೋಕವು ಸರಳವಾಗಿ ಓಡಿತೆಂದು ಮನಸ್ಸಿನಲ್ಲೇ ಹಿಗ್ಗಿದ್ದೂ ನಿಜ.

ಕೆಲವು ವರ್ಷಗಳ ಮೇಲೆ ನನಗೆ ಪಾಠ ಹೇಳಿದ ವೃದ್ಧ ಪಂಡಿತರೊಬ್ಬರ ಮುಂದೆ ಆ ಪ್ರತಿಯನ್ನು ಓದಿದೆ. ಅವರು ಆ ಶ್ಲೋಕವನ್ನು ಎರಡು ಸಲ ಓದಿಸಿ, “ಇದರಲ್ಲಿ ಕೇಳುವವನೇ ಇಲ್ಲವಲ್ಲಪ್ಪ, ಬರಿಯ ಹೇಳುವವನು ಇದ್ದಾನೆ. ಓಲೆಯಲ್ಲಿ ಹೀಗೆಯೇ ಇದೆಯೇ?” ಎಂದರು. ನಾನು ಇದ್ದ ಸಂಗತಿಯನ್ನು ಅರಿಕೆ ಮಾಡಿದೆ. ಅವರು ಗದರಲಿಲ್ಲ. “ಹಾಗಾದರೆ ಆ ಓಲೆ ನಿನ್ನೊಡನೆ ಆಡಬೇಕೆಂದಿತ್ತು, ನೀನು ಅದನ್ನು ತಿದ್ದಿ ಕೂರಿಸಿದೆ” ಎಂದಷ್ಟೇ ಹೇಳಿದರು. ಮತ್ತೆ ಭಂಡಾರಕ್ಕೆ ಹೋಗಿ ಕಟ್ಟನ್ನು ಬಿಚ್ಚಿಸಿದಾಗ, ಆ ಗರಿಯ ಬಲತುದಿ ಶಿಥಿಲವಾಗಿ ಉದುರಿಹೋಗಿದ್ದಿತು. ಶ್ಲೋಕದ ಆ ಭಾಗ ಉಳಿದಿರಲಿಲ್ಲ. ಈಗ ನನ್ನ ಪ್ರತಿಯೊಂದೇ ಅದಕ್ಕೆ ಸಾಕ್ಷಿ, ಮತ್ತು ಆ ಸಾಕ್ಷಿಯು ನಂಬತಕ್ಕುದಲ್ಲ. ಅದು ನಿಜವಾಗಿ ಚ್ಯುತಕವಾಗಿದ್ದಿತೋ, ಲಿಪಿಕಾರನ ಸಹಜ ಪ್ರಮಾದವೋ ಎಂಬುದನ್ನು ಇನ್ನು ಯಾರೂ ನಿರ್ಣಯಿಸಲಾರರು. ನಿರ್ಣಯಕ್ಕೆ ಬೇಕಾದ ಆಧಾರವನ್ನು ತೊಡೆದುಹಾಕಿದವನು ನಾನೇ.

ಅಂದಿನಿಂದ ಎರಡು ನಿಯಮಗಳನ್ನು ಪಾಲಿಸುತ್ತಿದ್ದೇನೆ. ಕೊರತೆಯಾಗಿ ಕಾಣುವ ಅಕ್ಷರವನ್ನು ಮೂಲದಲ್ಲಿ ತುಂಬದೆ, ತೆರಪನ್ನು ತೆರಪಾಗಿಯೇ ಉಳಿಸಿ, ನನ್ನ ಊಹೆಯನ್ನು ಅಡಿಯಲ್ಲಿ ಬರೆಯುವುದು ಒಂದು. ಪ್ರಶ್ನಪದವಿರುವ, ಎಲ್ಲ ಪಾದಗಳಲ್ಲಿಯೂ ಒಂದೇ ಬಗೆಯ ಕೊರತೆಯಿರುವ, ಅಥವಾ ಕ್ರಿಯಾಪದ ಕಾಣದ ಪದ್ಯವನ್ನು ಮೊದಲು ಗಟ್ಟಿಯಾಗಿ ಓದಿ, ಸಹೋದ್ಯೋಗಿಯೊಬ್ಬರಿಗೆ ಒಗಟೆಂಬಂತೆ ಕೇಳುವುದು ಎರಡು. ಒಬ್ಬನೇ ಕುಳಿತು ನೋಡಿದಾಗ ದೋಷವಾಗಿ ಕಂಡುದು, ಎದುರಿಗೆ ಇನ್ನೊಬ್ಬರಿದ್ದಾಗ ಆಟವಾಗಿ ತೆರೆದುಕೊಂಡ ಸಂದರ್ಭಗಳು ಒಂದೆರಡಲ್ಲ.

೮. ಉಪಸಂಹಾರ

ಶ್ರೀಮಾನ್ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಪ್ರಕಟವಾದಂದಿನಿಂದ ನಮ್ಮ ಭಂಡಾರಗಳ ಸಂಪತ್ತು ವಿದ್ವಲ್ಲೋಕಕ್ಕೆ ಗೋಚರವಾಗುತ್ತ ಬಂದಿದೆ. ಇಂದು ಓಲೆಗಳ ಛಾಯಾಪ್ರತಿಗಳು ಗಣಕಯಂತ್ರದ ತೆರೆಯ ಮೇಲೆಯೇ ದೊರೆಯುತ್ತಿವೆ. ಆದರೆ ಓದುವ ಕಣ್ಣಿನ ಸಂಸ್ಕಾರವನ್ನು ಯಾವ ಯಂತ್ರವೂ ಒದಗಿಸದು. ಪಾಠಶಾಲೆಗಳಲ್ಲಿ ಲಿಪಿಪರಿಚಯದ ಜೊತೆಗೆ ವಾರಕ್ಕೆ ಒಂದು ಗಳಿಗೆಯಾದರೂ ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಎದುರುಬದುರು ಕೂರಿಸಿ ಚ್ಯುತಾಕ್ಷರ ಪ್ರಶ್ನೋತ್ತರಗಳನ್ನು ಆಡಿಸಬೇಕೆಂದು ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ. ಇದಕ್ಕೆ ವೆಚ್ಚವಿಲ್ಲ, ಸಾಮಗ್ರಿಯ ಹಂಗಿಲ್ಲ. ಪದಚ್ಛೇದ, ನಿಘಂಟು, ಛಂದಸ್ಸು ಈ ಮೂರೂ ಏಕಕಾಲದಲ್ಲಿ ಅಭ್ಯಾಸವಾಗುತ್ತವೆ.

ಮೇಲೆ ಹೇಳಿದ ಜಿನಸೇನಾಚಾರ್ಯರ ಪ್ರಶ್ನೆಯ ನಾಲ್ಕನೆಯ ಪಾದದ ತಾತ್ಪರ್ಯವನ್ನು ಇಲ್ಲಿ ಸ್ಮರಿಸುವುದು ಉಚಿತ. ಅಕ್ಷರ ಚ್ಯುತವಾಗಿದ್ದರೂ ಓದತಕ್ಕದ್ದು ಯಾವುದೆಂದು ದೇವಿ ಕೇಳಿದಾಗ ಮರುದೇವಿ ಕೊಟ್ಟ ಉತ್ತರ ಶ್ಲೋಕವೆಂಬುದೇ. ಓದತಕ್ಕದ್ದು ಎಂದು ಅಲ್ಲಿದೆಯೇ ಹೊರತು ತಿದ್ದತಕ್ಕದ್ದು ಎಂದಿಲ್ಲ. ಪರಿಷ್ಕರಣಕಾರ್ಯದಲ್ಲಿ ತೊಡಗಿರುವ ನಮಗೆಲ್ಲ ಇದು ಅನುಸರಣೀಯವಾದ ಮಾತು. ಇಲ್ಲಿಯ ವಿಚಾರಗಳಲ್ಲಿ ಸ್ಖಾಲಿತ್ಯಗಳಿದ್ದರೆ ವಿಜ್ಞರು ತಿಳಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.